ಲಿಪಿಕಾರನ ಕೊನೆಯ ಸಾಲು: ಹಸ್ತಪ್ರತಿಗಳ ಪುಷ್ಪಿಕೆಯನ್ನು ಓದುವ, ಪರೀಕ್ಷಿಸುವ ಕ್ರಮ

ಓಲೆಗರಿಯ ಕಟ್ಟೊಂದು ಕೈಗೆ ಬಂದಾಗ ಹಸ್ತಪ್ರತಿಗಳಲ್ಲಿ ಪಳಗಿದವರು ಮೊದಲ ಗರಿಗಿಂತ ಮುಂಚೆ ಕೊನೆಯ ಗರಿಯನ್ನು ನೋಡುತ್ತಾರೆ. ಕಾವ್ಯವೋ ಶಾಸ್ತ್ರವೋ ಮುಗಿದ ಮೇಲೆ ಅದನ್ನು ನಕಲು ಮಾಡಿದವನು ತನ್ನ ಹೆಸರು, ಊರು, ಬರೆದು ಮುಗಿಸಿದ ದಿನ, ಯಾರಿಗಾಗಿ ಬರೆದೆನೆಂಬ ವಿವರ ಇವುಗಳಲ್ಲಿ ಕೆಲವನ್ನೋ ಎಲ್ಲವನ್ನೋ ಎರಡು ಮೂರು ಸಾಲುಗಳಲ್ಲಿ ಹೇಳಿ ‘ಮಂಗಳ ಮಹಾ ಶ್ರೀ’ ಎಂದು ಕೈಮುಗಿದಿರುತ್ತಾನೆ. ಈ ಭಾಗವನ್ನು ಪುಷ್ಪಿಕೆ ಎಂದೂ ಸಮಾಪ್ತಿವಾಕ್ಯ ಎಂದೂ ಕರೆಯುವುದುಂಟು. ಜೈನ ಗ್ರಂಥಗಳಲ್ಲಿ ಬರೆಸಿದವರ ವಂಶ, ಗುರುಪರಂಪರೆಗಳನ್ನು ಹೊಗಳುವ ದೀರ್ಘ ಪದ್ಯಗಳು ಬಂದರೆ ಅದಕ್ಕೆ ಪ್ರಶಸ್ತಿ ಎಂಬ ಹೆಸರು ಸಲ್ಲುತ್ತದೆ. ಅಸೀರಿಯದ ಮಣ್ಣಿನ ಹಲಗೆಗಳಿಂದ ಹಿಡಿದು ಅರ್ಮೇನಿಯದ ಚರ್ಮದ ಪುಸ್ತಕಗಳವರೆಗೆ, ಬರೆಯುವುದು ಕಸುಬಾಗಿದ್ದ ಕಡೆಗಳಲ್ಲೆಲ್ಲ ಇಂಥ ಸಾಲುಗಳು ಸಿಗುತ್ತವೆ.

ಪುಷ್ಪಿಕೆಯನ್ನು ಓದುವವರು ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ: ಅದನ್ನು ತಾರೀಖಿನ ಚೀಟಿ ಎಂದು ಭಾವಿಸಿ, ವರ್ಷವನ್ನು ಹೆಕ್ಕಿಕೊಂಡು ಉಳಿದದ್ದನ್ನು ಬಿಟ್ಟುಬಿಡುವುದು. ಪುಷ್ಪಿಕೆ ಒಬ್ಬ ವ್ಯಕ್ತಿಯ ಹೇಳಿಕೆ. ಹೇಳಿಕೆಯ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಇದು ಯಾವ ಕಾಲದ್ದು’ ಎಂಬುದಲ್ಲ, ‘ಇದು ಯಾರ ಮಾತು’ ಎಂಬುದು. ಮುಂದೆ ವಿವರಿಸುವ ಪ್ರತಿಯೊಂದು ಹೆಜ್ಜೆಯೂ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವ ದಾರಿಯೇ ಆಗಿದೆ.

ಮೊದಲು ಹುಡುಕಬೇಕು

ಪುಷ್ಪಿಕೆ ಕೊನೆಯ ಗರಿಯಲ್ಲಿಯೇ ಇರುತ್ತದೆ ಎಂದು ನಂಬಿ ಕೂರಬಾರದು. ಕಟ್ಟಿನ ಹೊರಗಿನ ಗರಿಗಳೇ ಮೊದಲು ಹುಳುವಿಗೆ, ತೇವಕ್ಕೆ, ಕೈತಾಕುವಿಕೆಗೆ ಬಲಿಯಾಗುವುದರಿಂದ, ಕಳೆದುಹೋದ ಗರಿಗಳಲ್ಲಿ ಪುಷ್ಪಿಕೆಯಿದ್ದ ಗರಿಗಳೇ ಹೆಚ್ಚು. ಆದ್ದರಿಂದ ಪ್ರತಿ ಸಂಧಿ, ಆಶ್ವಾಸ, ಅಧ್ಯಾಯದ ಅಂತ್ಯವನ್ನೂ ನೋಡಬೇಕು. ದೀರ್ಘ ಗ್ರಂಥವನ್ನು ತಿಂಗಳುಗಟ್ಟಲೆ ಬರೆದ ಲಿಪಿಕಾರನು ನಡುವೆ ಒಂದು ಪರ್ವ ಮುಗಿದಾಗಲೂ ದಿನವನ್ನು ಗುರುತಿಸಿರಬಹುದು. ಮೊದಲ ಗರಿಯ ಹಿಂಬದಿ, ಕಟ್ಟಿನ ರಕ್ಷಣೆಗೆಂದು ಸೇರಿಸಿದ ಖಾಲಿ ಗರಿಗಳು, ಅಂಚಿನ ಬಿಳಿ ಜಾಗ, ಮರದ ಹಲಗೆಯ ಒಳಮೈ ಇವುಗಳನ್ನೂ ಬಿಡಬಾರದು. ಒಂದೇ ಕಟ್ಟಿನಲ್ಲಿ ಮೂರು ನಾಲ್ಕು ಕೃತಿಗಳಿದ್ದರೆ ಪ್ರತಿಯೊಂದಕ್ಕೂ ಬೇರೆ ಪುಷ್ಪಿಕೆ ಇರಬಹುದು, ಅವು ಒಬ್ಬನೇ ಬರೆದವಾಗಿರಬೇಕೆಂಬ ನಿಯಮವಿಲ್ಲ. ಹೀಗಾಗಿ ಯಾವ ಗರಿಯ ಯಾವ ಬದಿಯಲ್ಲಿ, ಎಷ್ಟನೆಯ ಸಾಲಿನಲ್ಲಿ ಏನಿದೆ ಎಂಬುದನ್ನು ಗರಿಯ ಎಡ ಅಂಚಿನ ಸಂಖ್ಯೆಯ ಸಮೇತ ಬರೆದಿಟ್ಟುಕೊಳ್ಳುವುದು ಕಡ್ಡಾಯ.

ಕಂಟ ಎಂಬ ಲೋಹದ ಮೊನೆಯಿಂದ ಕೊರೆದ ಗರಿಯಲ್ಲಿ ಮಸಿ ಅಳಿಸಿಹೋಗಿದ್ದರೆ ಅಕ್ಷರ ಬರಿಗಣ್ಣಿಗೆ ಹತ್ತುವುದಿಲ್ಲ. ಆಗ ದೀಪವನ್ನು ಮೇಲಿನಿಂದ ಹಿಡಿಯದೆ ಗರಿಯ ಮಟ್ಟಕ್ಕೆ ತಂದು ಓರೆಯಾಗಿ ಬೆಳಕು ಬಿಟ್ಟರೆ, ಕೊರೆದ ಗೀರುಗಳಲ್ಲಿ ನೆರಳು ನಿಂತು ಅಕ್ಷರಗಳು ಎದ್ದುಬರುತ್ತವೆ. ಇದೇ ಗರಿಯನ್ನು ಎರಡು ಮೂರು ದಿಕ್ಕಿನ ಬೆಳಕಿನಲ್ಲಿ ಬೇರೆ ಬೇರೆಯಾಗಿ ಚಿತ್ರ ತೆಗೆದುಕೊಂಡರೆ ಅಡ್ಡಗೀರು, ಉದ್ದಗೀರು ಎರಡೂ ಸಿಗುತ್ತವೆ. ಮಸಿ ಬಳಿದು ಓದುವ ಹಳೆಯ ವಿಧಾನವನ್ನು ಸಂರಕ್ಷಣೆಯ ತರಬೇತಿ ಇಲ್ಲದವರು ಪ್ರಯೋಗಿಸಬಾರದು. ಗರಿ ನಿಮ್ಮದಲ್ಲದಿದ್ದರಂತೂ ಆ ಮಾತೇ ಬೇಡ.

ಕಂಡದ್ದನ್ನು ಕಂಡಂತೆ ಇಳಿಸಿಕೊಳ್ಳುವುದು

ಪುಷ್ಪಿಕೆಯನ್ನು ತಿದ್ದಿ ಬರೆದುಕೊಂಡರೆ ಅದರ ಅರ್ಧ ಬೆಲೆ ಹೋಯಿತು. ಕಾವ್ಯಭಾಗದಲ್ಲಿ ಲಿಪಿಕಾರನು ಮುಂದಿದ್ದ ಮಾತೃಕೆಯ, ಅಂದರೆ ನೋಡಿ ನಕಲು ಮಾಡುತ್ತಿದ್ದ ಪ್ರತಿಯ, ಕಾಗುಣಿತಕ್ಕೆ ಸ್ವಲ್ಪವಾದರೂ ಬದ್ಧನಾಗಿರುತ್ತಾನೆ, ಆದರೆ ಪುಷ್ಪಿಕೆಗೆ ಬಂದಾಗ ತನ್ನದೇ ನಾಲಗೆಯಲ್ಲಿ ಬರೆಯುತ್ತಾನೆ. ‘ಬರೆದು’ ಎಂಬುದು ‘ಬರದು’ ಆಗಿರುತ್ತದೆ, ‘ಓದುವುದು’ ಎಂಬುದು ‘ವೋದುವದು’ ಆಗಿರುತ್ತದೆ. ಸಂಸ್ಕೃತ ಗ್ರಂಥವೊಂದನ್ನು ಕನ್ನಡ ಲಿಪಿಯಲ್ಲಿ ಶುದ್ಧವಾಗಿ ಬರೆದವನು ಕೊನೆಗೆ ಕನ್ನಡದಲ್ಲಿ ನಾಲ್ಕು ಮಾತು ಸೇರಿಸಿದ್ದರೆ, ಅವನು ಯಾವ ಕಡೆಯವನು ಎಂಬ ಸುಳಿವು ಆ ನಾಲ್ಕು ಮಾತಿನಲ್ಲಿ ಮಾತ್ರ ಸಿಗುತ್ತದೆ. ಆದ್ದರಿಂದ ಮೊದಲು ಇದ್ದ ಹಾಗೆಯೇ ಸಾಲು ಸಾಲಾಗಿ ಇಳಿಸಿಕೊಂಡು, ಅದರ ಕೆಳಗೆ ಪದವಿಂಗಡಿಸಿ ತಿದ್ದಿದ ಪಾಠವನ್ನು ಪ್ರತ್ಯೇಕವಾಗಿ ಕೊಡಬೇಕು. ತುಂಡಾದ ಕಡೆ ಎಷ್ಟು ಅಕ್ಷರಗಳ ಜಾಗ ಹೋಗಿದೆ ಎಂಬ ಅಂದಾಜನ್ನು ಚುಕ್ಕಿಗಳಿಂದ ತೋರಿಸಬೇಕೇ ಹೊರತು ಊಹೆಯ ಅಕ್ಷರಗಳಿಂದ ತುಂಬಬಾರದು.

ಸಂಕ್ಷೇಪಗಳನ್ನು ಗುರುತಿಸುವುದಕ್ಕೆ ಒಂದಿಷ್ಟು ಅಭ್ಯಾಸ ಬೇಕು. ನಮ್ಮ ಕಡೆಯ ಪ್ರತಿಗಳಲ್ಲಿ ಬರುವ ಧಾಟಿಯನ್ನು ಅನುಸರಿಸಿ, ಅಭ್ಯಾಸಕ್ಕೆಂದೇ ಜೋಡಿಸಿದ ಒಂದು ಮಾದರಿಯನ್ನು ನೋಡಬಹುದು: ‘ಸ್ವಸ್ತಿಶ್ರೀ ಶಾಲಿವಾಹನ ಶಕ ವರುಷ ನೇತ್ರ ವಸು ಬಾಣ ಚಂದ್ರ ಸಂಖ್ಯೆಯ ಶಾರ್ವರಿ ಸಂವತ್ಸರದ ಮಾಘ ಬ ೫ ಲು ಸ್ಥಿರವಾರದಲ್ಲು ಬರದು ಸಂಪೂರ್ಣವಾಯಿತು ತಪ್ಪಿದರೆ ತಿದ್ದಿ ವೋದುವದು ಮಂಗಳ ಮಹಾ ಶ್ರೀ ಶ್ರೀ ಶ್ರೀ’. ಇಲ್ಲಿ ‘ಬ’ ಎಂದರೆ ಬಹುಳ, ಅಂದರೆ ಕೃಷ್ಣಪಕ್ಷ. ಅದರ ಬದಲು ‘ಶು’ ಇದ್ದರೆ ಶುದ್ಧ, ಶುಕ್ಲಪಕ್ಷ. ಸಂಖ್ಯೆಯ ಬೆನ್ನಿಗೆ ಬರುವ ‘ಲು’ ಬೇರೆ ಪದವಲ್ಲ, ‘ಐದನೆಯ ತಿಥಿಯಲ್ಲಿ’ ಎಂಬರ್ಥದ ವಿಭಕ್ತಿ. ಹೊಸಬರು ಇದನ್ನು ವ್ಯಕ್ತಿಯ ಹೆಸರಿನ ಮೊದಲಕ್ಷರವೆಂದು ಎಣಿಸಿ ಮುಂದಿನ ಪದಕ್ಕೆ ಅಂಟಿಸುವ ಅಪಾಯವಿದೆ. ಸ್ಥಿರವಾರ ಶನಿವಾರ, ಹಾಗೆಯೇ ಇಂದುವಾರ ಸೋಮವಾರ, ಭೌಮವಾರ ಮಂಗಳವಾರ, ಸೌಮ್ಯವಾರ ಬುಧವಾರ, ಭೃಗುವಾರ ಶುಕ್ರವಾರ. ಅಂಕಿಗಳಲ್ಲಿ ೬ ಮತ್ತು ೯ ಒಂದರಂತೆ ಒಂದು ಕಾಣುವ ಕೈಬರಹಗಳಿವೆ. ಅಂಥಲ್ಲಿ ಅದೇ ಲಿಪಿಕಾರನು ಗರಿಗಳ ಅಂಚಿನಲ್ಲಿ ಹಾಕಿದ ಸಂಖ್ಯೆಗಳನ್ನು ನೋಡಿಕೊಂಡು ಬಂದರೆ ಅವನ ಆರು ಹೇಗೆ, ಒಂಬತ್ತು ಹೇಗೆ ಎಂಬುದು ಸ್ಪಷ್ಟವಾಗುತ್ತದೆ. ಗರಿಸಂಖ್ಯೆಗಳಷ್ಟು ನಂಬಲರ್ಹವಾದ ಅಂಕಿಪಟ್ಟಿ ಬೇರೊಂದಿಲ್ಲ.

ಒಂದೇ ಗರಿಯಲ್ಲಿ ಹಲವರ ಮಾತು

ಈಗ ಮೂಲ ಪ್ರಶ್ನೆಗೆ ಬರಬಹುದು. ಕೊನೆಯ ಗರಿಯಲ್ಲಿ ಕಾಣುವ ಸಾಲುಗಳು ಸಾಮಾನ್ಯವಾಗಿ ನಾಲ್ಕು ಮೂಲಗಳಿಂದ ಬಂದಿರುತ್ತವೆ: ಕವಿಯ ಮಾತು, ಹಿಂದಿನ ಮಾತೃಕೆಯ ಲಿಪಿಕಾರನ ಮಾತು, ಈ ಪ್ರತಿಯನ್ನು ಬರೆದವನ ಮಾತು, ಆಮೇಲೆ ಇದನ್ನು ಇಟ್ಟುಕೊಂಡವರ ಮಾತು. ನಾಲ್ಕೂ ಒಂದೇ ಬಗೆಯ ಅಕ್ಷರದಲ್ಲಿ, ಒಂದರ ಹಿಂದೊಂದು ಇರಬಹುದು ಎಂಬುದೇ ತೊಡಕು.

ಕವಿಯ ಸಮಾಪ್ತಿವಾಕ್ಯ ಕೃತಿಯ ಅಂಗವಾದ್ದರಿಂದ ಪ್ರತಿಯಿಂದ ಪ್ರತಿಗೆ ಹಾಗೆಯೇ ಸಾಗಿಬರುತ್ತದೆ. ಅದರ ಒಂದು ಪದವೂ ಎಷ್ಟು ಮುಖ್ಯವಾಗಬಲ್ಲದೆಂಬುದಕ್ಕೆ ಕನ್ನಡದಲ್ಲಿಯೇ ದೊಡ್ಡ ನಿದರ್ಶನವಿದೆ. ಕವಿರಾಜಮಾರ್ಗದ ಪರಿಚ್ಛೇದಗಳ ಅಂತ್ಯದ ಗದ್ಯದಲ್ಲಿ ಬರುವುದು ‘ನೃಪತುಂಗದೇವಾನುಮತಮಪ್ಪ’ ಎಂಬ ಮಾತು. ಕೃತಿ ನೃಪತುಂಗನಿಂದ ರಚಿತವಾದದ್ದು ಎಂದಲ್ಲ, ಅವನಿಗೆ ಅನುಮತವಾದದ್ದು ಎಂದು ಅದು ಹೇಳುತ್ತದೆ. ಈ ಕೃತಿಯನ್ನು ಬರೆದವನು ದೊರೆಯೋ ಅವನ ಆಸ್ಥಾನದ ಶ್ರೀವಿಜಯನೋ ಎಂಬ ದೀರ್ಘ ಚರ್ಚೆಯಲ್ಲಿ ಈ ಒಂದು ಪದಕ್ಕೆ ಸಿಕ್ಕ ತೂಕ ಸಣ್ಣದಲ್ಲ. ಪುಷ್ಪಿಕೆಯನ್ನು ‘ಇಂತು ಇಂಥವನ ಕೃತಿ ಸಮಾಪ್ತಂ’ ಎಂದು ಸಾರಾಂಶವಾಗಿ ಸೂಚಿಯಲ್ಲಿ ನಮೂದಿಸಿದ್ದರೆ ‘ಅನುಮತ’ ಎಂಬುದು ಅಲ್ಲಿಯೇ ಮಾಯವಾಗುತ್ತಿತ್ತು.

ಮಾತೃಕೆಯ ಲಿಪಿಕಾರನ ಮಾತನ್ನು ಗುರುತಿಸುವುದು ಇದಕ್ಕಿಂತ ಕಷ್ಟ. ಎದುರಿಗಿದ್ದುದನ್ನೆಲ್ಲ ಅಕ್ಷರಶಃ ಇಳಿಸುವ ಲಿಪಿಕಾರನು ಹಿಂದಿನವನ ಹೆಸರು, ತಾರೀಖುಗಳನ್ನೂ ಇಳಿಸಿಬಿಡುತ್ತಾನೆ. ಅದರಲ್ಲಿ ಮೋಸವೇನೂ ಇಲ್ಲ. ಕೈರೋದ ಕರಾಯ್ಟ್ ಯಹೂದಿ ಸಮುದಾಯದ ಬಳಿಯಿದ್ದ ಪ್ರವಾದಿಗಳ ಗ್ರಂಥಗಳ ಹೀಬ್ರೂ ಹಸ್ತಪ್ರತಿಯ ಪುಷ್ಪಿಕೆ, ಅದನ್ನು ಮೋಶೆ ಬೆನ್ ಆಶೇರ್ ಎಂಬ ವಿದ್ವಾಂಸನು ತಿಬೇರಿಯದಲ್ಲಿ ಬರೆದನೆಂದು ಹೇಳುತ್ತದೆ. ಅದರ ಲೆಕ್ಕ ಕ್ರಿ.ಶ. 895ಕ್ಕೆ ಬರುತ್ತದೆ. ಆದರೆ ಲಿಪಿಯ ಅಧ್ಯಯನವೂ ರೇಡಿಯೋಕಾರ್ಬನ್ ಪರೀಕ್ಷೆಯೂ ಆ ಪ್ರತಿಯನ್ನು 11ನೆಯ ಶತಮಾನದ ಆಸುಪಾಸಿಗೆ ತರುತ್ತವೆ. ಪುಷ್ಪಿಕೆಯನ್ನು ಮಾತೃಕೆಯಿಂದ ನಕಲು ಮಾಡಲಾಗಿದೆ ಎಂಬುದು ಇದಕ್ಕೆ ಬಹುಮಂದಿ ವಿದ್ವಾಂಸರು ಕೊಡುವ ವಿವರಣೆ. ನಮ್ಮ ಪ್ರತಿಗಳಲ್ಲಿಯೂ ಒಂದು ಪುಷ್ಪಿಕೆಯಲ್ಲಿ ಎರಡು ತಾರೀಖುಗಳು ಕಂಡರೆ, ಅಥವಾ ಪುಷ್ಪಿಕೆಯ ಕಾಲಕ್ಕೂ ಅಕ್ಷರದ ರೂಪಕ್ಕೂ ನೂರಾರು ವರ್ಷಗಳ ಅಂತರ ತೋರಿದರೆ, ಮೊದಲು ಎತ್ತಬೇಕಾದ ಸಂಶಯ ಇದೇ.

ಪ್ರತಿ ಕೈಬದಲಾದ ಮೇಲೆ ಸೇರಿದ ಮಾತುಗಳಲ್ಲಿ ಎರಡು ಬಗೆಗಳಿವೆ. ಇಂಗ್ಲೆಂಡಿನ ಲಿಂಡಿಸ್ಫಾರ್ನ್ ಸುವಾರ್ತಾ ಗ್ರಂಥವನ್ನು ಬರೆದವನು ಬಿಷಪ್ ಈಡ್‌ಫ್ರಿತ್, ರಟ್ಟು ಕಟ್ಟಿದವನು ಎಥಿಲ್ವಾಲ್ಡ್, ಅದಕ್ಕೆ ಒಡವೆಯ ಕೆಲಸ ಮಾಡಿದವನು ಬಿಲ್‌ಫ್ರಿತ್ ಎಂದು ಹೇಳುವ ಪುಷ್ಪಿಕೆಯನ್ನು ಬರೆದವನು ಆಲ್ಡ್‌ರೆಡ್ ಎಂಬ ಪಾದ್ರಿ. ಅವನು ಬದುಕಿದ್ದುದು 10ನೆಯ ಶತಮಾನದಲ್ಲಿ, ಗ್ರಂಥ ಸಿದ್ಧವಾಗಿ ಸುಮಾರು ಎರಡೂವರೆ ಶತಮಾನ ಕಳೆದ ನಂತರ. ಅವನು ದಾಖಲಿಸಿದ್ದು ಮಠದಲ್ಲಿ ಉಳಿದುಬಂದ ನೆನಪನ್ನು. ಅದು ನಿಜವಿರಬಹುದು, ಆದರೆ ಕಣ್ಣಾರೆ ಕಂಡವನ ಸಾಕ್ಷ್ಯವಲ್ಲ. ಇನ್ನೊಂದು ಬಗೆ ತಿದ್ದುಪಡಿಯದು. ಫ್ಲಾರೆನ್ಸಿನಲ್ಲಿರುವ ಕೋಡೆಕ್ಸ್ ಅಮಿಯಾಟಿನಸ್ ಎಂಬ ಲ್ಯಾಟಿನ್ ಬೈಬಲ್ಲಿನ ಅರ್ಪಣಪದ್ಯದಲ್ಲಿ, ಅದನ್ನು ಮಾಡಿಸಿದ ಇಂಗ್ಲಿಷ್ ಮಠಾಧಿಪತಿ ಚೆಯೋಲ್‌ಫ್ರಿತ್‌ನ ಹೆಸರನ್ನು ಕೆರೆದು ಲೊಂಬಾರ್ಡಿಯ ಪೀಟರ್ ಎಂಬವನ ಹೆಸರನ್ನು ಬರೆದುಬಿಟ್ಟಿದ್ದರು. 1880ರ ದಶಕದಲ್ಲಿ ಜೊವಾನ್ನಿ ಬಟಿಸ್ಟಾ ಡಿ ರೋಸ್ಸಿ ಆ ಕೆರೆದ ಜಾಗವನ್ನು ಪರಿಶೀಲಿಸಿ ಮೂಲ ಹೆಸರನ್ನು ಬಿಡಿಸಿದಾಗ, ಇಟಲಿಯದೆಂದು ನಂಬಿದ್ದ ಪುಸ್ತಕ ಉತ್ತರ ಇಂಗ್ಲೆಂಡಿನದೆಂದು ತಿಳಿದುಬಂತು. ಆದುದರಿಂದ ಪುಷ್ಪಿಕೆಯಲ್ಲಿ ಹೆಸರಿರುವ ಜಾಗವನ್ನು ಉಳಿದ ಸಾಲುಗಳಿಗಿಂತ ಹೆಚ್ಚು ಹೊತ್ತು ನೋಡಬೇಕು: ಅಲ್ಲಿ ಮೇಲ್ಮೈ ಒರಟಾಗಿದೆಯೇ, ಅಕ್ಷರಗಳು ಇದ್ದಕ್ಕಿದ್ದಂತೆ ಇಕ್ಕಟ್ಟಾಗಿವೆಯೇ ಅಥವಾ ಸಡಿಲವಾಗಿವೆಯೇ, ಛಂದಸ್ಸು ಕೆಟ್ಟಿದೆಯೇ. ಹೆಸರನ್ನು ಬದಲಿಸುವವನಿಗೆ ಜಾಗ ಅಳತೆಗೆ ಸರಿಯಾಗಿ ಸಿಗುವುದು ಅಪರೂಪ.

ಕಾಲವನ್ನು ಲೆಕ್ಕ ಹಾಕುವುದು

ಮೇಲೆ ಕೊಟ್ಟ ಮಾದರಿಯನ್ನೇ ಮತ್ತೆ ಕೈಗೆತ್ತಿಕೊಳ್ಳೋಣ. ಪದಗಳಿಂದ ಸಂಖ್ಯೆ ಹೇಳುವಾಗ ಅಂಕಿಗಳನ್ನು ಬಲದಿಂದ ಎಡಕ್ಕೆ ಜೋಡಿಸಬೇಕೆಂಬುದು ಬಲ್ಲವರಿಗೆ ಹೊಸತಲ್ಲ. ನೇತ್ರ 2, ವಸು 8, ಬಾಣ 5, ಚಂದ್ರ 1. ತಿರುಗಿಸಿದರೆ ಶಕ 1582. ಆದರೆ ಹರನ ನೇತ್ರಗಳನ್ನು ನೆನೆದ ಲಿಪಿಕಾರನಿಗೆ ನೇತ್ರ 3 ಆಗಬಹುದು, ಆಗ ವರ್ಷ 1583. ಸಮುದ್ರವೂ ಹೀಗೆಯೇ, ಕೆಲವರಿಗೆ 4, ಕೆಲವರಿಗೆ 7. ಈ ಗೊಂದಲವನ್ನು ಬಿಡಿಸುವುದು ಸಂವತ್ಸರದ ಹೆಸರು. ದಕ್ಷಿಣ ಭಾರತದ ರೂಢಿಯಲ್ಲಿ ಗತಶಕಕ್ಕೆ, ಅಂದರೆ ಮುಗಿದ ಶಕವರ್ಷಗಳ ಸಂಖ್ಯೆಗೆ, 12 ಕೂಡಿಸಿ 60ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಶೇಷ ಸೊನ್ನೆಯಾದರೆ ಅಕ್ಷಯ. 1582ಕ್ಕೆ 12 ಕೂಡಿಸಿದರೆ 1594, ಅದನ್ನು 60ರಿಂದ ಭಾಗಿಸಿದರೆ ಶೇಷ 34; ಮೂವತ್ತನಾಲ್ಕನೆಯದು ಶಾರ್ವರಿ. 1583 ಆಗಿದ್ದರೆ ಶೇಷ 35, ಪ್ಲವ ಸಂವತ್ಸರ ಬರಬೇಕಾಗಿತ್ತು. ಹಾಗಾಗಿ ಇಲ್ಲಿ ನೇತ್ರವೆಂದರೆ ಎರಡೇ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಂಕಿಯಲ್ಲಿ ಸ್ಪಷ್ಟವಾಗಿ 1583 ಎಂದಿದ್ದು ಸಂವತ್ಸರ ಶಾರ್ವರಿ ಎಂದಿದ್ದರೆ ಏನು ಮಾಡಬೇಕು? ಲಿಪಿಕಾರ ತಪ್ಪಿದ ಎನ್ನಲು ಅವಸರ ಬೇಡ. ಮುಗಿದ ವರ್ಷಗಳನ್ನು ಎಣಿಸುವ ಬದಲು ನಡೆಯುತ್ತಿರುವ ವರ್ಷವನ್ನು ಸೇರಿಸಿ ಎಣಿಸುವ ಪದ್ಧತಿಯೂ ಇತ್ತು. ಆ ಲೆಕ್ಕದಲ್ಲಿ ವರ್ತಮಾನ 1583 ಎಂದರೆ ಗತ 1582. ಶಾಸನಗಳಲ್ಲಿಯೂ ಪ್ರತಿಗಳಲ್ಲಿಯೂ ಶಕವರ್ಷಕ್ಕೂ ಸಂವತ್ಸರಕ್ಕೂ ಒಂದು ವರ್ಷದ ಹೊಂದಾಣಿಕೆ ತಪ್ಪಿದಾಗ ಸಂವತ್ಸರದ ಹೆಸರನ್ನೇ ಹೆಚ್ಚು ನಂಬುವುದು ಸೂಕ್ತ ಎಂಬುದು ನನ್ನ ಅಭಿಪ್ರಾಯ. ಬರೆಯುತ್ತಿದ್ದವನು ಆ ಸಂವತ್ಸರವನ್ನು ಸಂಕಲ್ಪದಲ್ಲಿ ದಿನವೂ ಉಚ್ಚರಿಸುತ್ತಿದ್ದ, ಶಕಸಂಖ್ಯೆಯನ್ನು ಮಾತ್ರ ಎಲ್ಲಿಂದಲೋ ನೋಡಿ ಬರೆಯುತ್ತಿದ್ದ.

ಶಕಕ್ಕೆ 78 ಕೂಡಿಸಿದರೆ ಕ್ರಿಸ್ತವರ್ಷ ಬರುತ್ತದೆಂಬ ಸೂತ್ರ ವರ್ಷದ ಮೊದಲ ಒಂಬತ್ತು ತಿಂಗಳ ಮಟ್ಟಿಗೆ ಸಾಕು. ನಮ್ಮ ಮಾದರಿಯಲ್ಲಿರುವುದು ಮಾಘಮಾಸ, ಅದು ಜನವರಿ ಆರಂಭವಾದ ನಂತರ ಬರುವಂಥದು. ಆದ್ದರಿಂದ 79 ಕೂಡಿಸಬೇಕು, ವರ್ಷ 1660 ಅಲ್ಲ, 1661. ಪುಷ್ಯಮಾಸದಲ್ಲಿ ಎರಡೂ ಸಾಧ್ಯ. ಆಮೇಲೆ ಮಾಘ ಬಹುಳ ಪಂಚಮಿ ಆ ವರ್ಷ ಶನಿವಾರ ಬಿದ್ದಿತ್ತೇ ಎಂದು ಪಂಚಾಂಗದ ಕೋಷ್ಟಕಗಳಲ್ಲಿ ನೋಡಬೇಕು. ಸ್ವಾಮಿಕಣ್ಣು ಪಿಳ್ಳೆಯವರು ಸಿದ್ಧಪಡಿಸಿದ ಕೋಷ್ಟಕಗಳು ಈ ಕೆಲಸಕ್ಕೆ ಇಂದಿಗೂ ಬಳಕೆಯಲ್ಲಿವೆ, ಗಣಕದ ತಂತ್ರಾಂಶಗಳೂ ಇವೆ. ವಾರ ಒಂದು ದಿನ ಆಚೀಚೆಯಾದರೆ ತಿಥಿ ಸೂರ್ಯೋದಯಕ್ಕೆ ಇತ್ತೋ ಇಲ್ಲವೋ ಎಂಬ ವ್ಯತ್ಯಾಸದಿಂದ ಆಗಿರಬಹುದು. ಮೂರು ನಾಲ್ಕು ದಿನ ಬೇರೆಯಾದರೆ ವರ್ಷವನ್ನೇ ಮರುಪರಿಶೀಲಿಸಬೇಕು.

ಶಕವರ್ಷವನ್ನು ಹೇಳದೆ ಸಂವತ್ಸರವನ್ನು ಮಾತ್ರ ಹೇಳುವ ಪುಷ್ಪಿಕೆಗಳು ಕನ್ನಡದಲ್ಲಿ ಧಾರಾಳವಾಗಿವೆ. ‘ವಿಕಾರಿ ಸಂವತ್ಸರದ ಶ್ರಾವಣ ಶುದ್ಧ’ ಎಂದಷ್ಟೇ ಇದ್ದರೆ 1659, 1719, 1779, 1839, 1899 ಎಲ್ಲವೂ ಬಾಗಿಲಲ್ಲಿ ನಿಲ್ಲುತ್ತವೆ. ತಿಥಿ, ವಾರ, ನಕ್ಷತ್ರ ಮೂರೂ ಕೊಟ್ಟಿದ್ದರೆ ಲೆಕ್ಕದಿಂದಲೇ ಕೆಲವು ಬಿದ್ದುಹೋಗುತ್ತವೆ. ಉಳಿದವುಗಳಲ್ಲಿ ಆಯ್ಕೆ ಮಾಡಲು ಅಕ್ಷರದ ರೂಪ, ಕಾಗದದ ಪ್ರತಿಯಾದರೆ ವಾಟರ್‌ಮಾರ್ಕ್, ಹೆಸರಿಸಿದ ಮಠಾಧಿಪತಿ ಅಥವಾ ಪಾಳೆಯಗಾರನ ಕಾಲ ಇವುಗಳ ನೆರವು ಬೇಕು. ಎಷ್ಟು ಮಾಡಿದರೂ ಎರಡು ವರ್ಷಗಳು ಉಳಿದರೆ ಎರಡನ್ನೂ ಬರೆಯಬೇಕು; ಇಷ್ಟವಾದದ್ದನ್ನು ಇಟ್ಟುಕೊಳ್ಳುವ ಸ್ವಾತಂತ್ರ್ಯ ಓದುಗನಿಗಿಲ್ಲ.

ಹಲವು ಶಕೆಗಳನ್ನು ಒಟ್ಟಿಗೆ ಹೇಳಿದರೆ ಕಾಲ ಖಚಿತವಾಗುತ್ತದೆಂದು ಭಾವಿಸುವುದೂ ತಪ್ಪು. ಹೀಬ್ರೂ ಬೈಬಲ್ಲಿನ ಅತ್ಯಂತ ಹಳೆಯ ಸಂಪೂರ್ಣ ಪ್ರತಿಯಾದ ಲೆನಿನ್‌ಗ್ರಾಡ್ ಕೋಡೆಕ್ಸನ್ನು ಕೈರೋದಲ್ಲಿ ಬರೆದ ಶೆಮುವೇಲ್ ಬೆನ್ ಯಾಕೋಬ್ ಐದು ಗಣನೆಗಳಲ್ಲಿ ವರ್ಷವನ್ನು ಕೊಟ್ಟಿದ್ದಾನೆ: ಸೃಷ್ಟಿಯಿಂದ 4770, ಯೆಹೋಯಾಖೀನ್ ರಾಜನ ಸೆರೆಯಿಂದ 1444, ಗ್ರೀಕರ ಆಳ್ವಿಕೆಯಿಂದ 1319, ಎರಡನೆಯ ದೇವಾಲಯದ ನಾಶದಿಂದ 940, ಮುಸಲ್ಮಾನರ ಗಣನೆಯಲ್ಲಿ 399. ಈ ಐದೂ ಒಂದೇ ವರ್ಷಕ್ಕೆ ಬಂದು ಕೂಡುವುದಿಲ್ಲ. ಸಾಮಾನ್ಯವಾಗಿ 1008 ಅಥವಾ 1009 ಎಂದು ಹೇಳುವುದು ಅವುಗಳನ್ನು ತೂಗಿನೋಡಿದ ಮೇಲಿನ ನಿರ್ಣಯ. ಇದಕ್ಕೆ ಹೋಲಿಸಿದರೆ ಕ್ರಿ.ಶ. 411ರ ನವೆಂಬರಿನಲ್ಲಿ ಎಡೆಸ್ಸಾದಲ್ಲಿ ಮುಗಿದ ಸಿರಿಯಾಕ್ ಪ್ರತಿಯೊಂದು, ಈಗ ಬ್ರಿಟಿಷ್ ಲೈಬ್ರರಿಯಲ್ಲಿರುವುದು, ಗ್ರೀಕರ ಗಣನೆಯ 723 ಎಂಬ ಒಂದೇ ಸಂಖ್ಯೆಯನ್ನು ಕೊಟ್ಟು ಸುಮ್ಮನಾಗುತ್ತದೆ. ಆ ಗಣನೆಯ ವರ್ಷ ಶರತ್ಕಾಲದಲ್ಲಿ ಆರಂಭವಾಗುವುದರಿಂದ ಅಕ್ಟೋಬರಿನಿಂದ ಡಿಸೆಂಬರಿನವರೆಗೆ 312, ಉಳಿದ ತಿಂಗಳುಗಳಲ್ಲಿ 311 ಕಳೆಯಬೇಕು. ಅನ್ಯ ಶಕೆಯ ವರ್ಷ ಯಾವಾಗ ಶುರುವಾಗುತ್ತದೆಂದು ತಿಳಿಯದೆ ಕೂಡಿಸುವುದಾಗಲಿ ಕಳೆಯುವುದಾಗಲಿ ಮಾಡಬಾರದು.

ವಾಡಿಕೆಯ ಮಾತು ಮತ್ತು ಸ್ವಂತ ಮಾತು

‘ಭಗ್ನಪೃಷ್ಠ ಕಟಿಗ್ರೀವಃ’ ಎಂದು ಆರಂಭವಾಗುವ ಶ್ಲೋಕವನ್ನು ಹಸ್ತಪ್ರತಿ ನೋಡಿದವರೆಲ್ಲ ಬಲ್ಲರು: ಬೆನ್ನು, ಸೊಂಟ, ಕುತ್ತಿಗೆ ಮುರಿದು, ದೃಷ್ಟಿ ನೆಟ್ಟು, ಮುಖ ಬಗ್ಗಿಸಿ ಕಷ್ಟಪಟ್ಟು ಬರೆದ ಗ್ರಂಥ ಇದು, ಯತ್ನದಿಂದ ಕಾಪಾಡಿ ಎಂಬುದು ಅದರ ಸಾರ. ಮೊದಲ ಸಲ ಓದಿದಾಗ ಲಿಪಿಕಾರನ ಬಗ್ಗೆ ಮರುಕ ಹುಟ್ಟುತ್ತದೆ. ಇಪ್ಪತ್ತನೆಯ ಸಲ ಓದಿದಾಗ, ಇದು ಎಲ್ಲರೂ ಬರೆಯುತ್ತಿದ್ದ ಸಾಲು ಎಂದು ತಿಳಿಯುತ್ತದೆ. ಯುರೋಪಿನ ಲ್ಯಾಟಿನ್ ಲಿಪಿಕಾರರು ‘ಬರೆಯುವುದು ಮೂರು ಬೆರಳು, ದುಡಿಯುವುದು ಇಡೀ ದೇಹ’ ಎಂದು ಬರೆದರು. ಗ್ರೀಕ್ ಲಿಪಿಕಾರರು ತಾಯ್ನಾಡನ್ನು ಕಂಡ ಪರದೇಶಿಯಂತೆ ಪುಸ್ತಕದ ಕೊನೆಯನ್ನು ಕಂಡು ಹಿಗ್ಗುವೆವೆಂದರು. ಈ ಸಾಲುಗಳಿಂದ ಆ ವ್ಯಕ್ತಿಯ ಬೆನ್ನುನೋವನ್ನು ನಿರ್ಧರಿಸಲಾಗದು. ಆದರೆ ಅವನು ಯಾವ ಪರಂಪರೆಯಲ್ಲಿ ಕಲಿತನೆಂಬುದನ್ನು ತಿಳಿಯಬಹುದು. ‘ಕರಕೃತಮಪರಾಧಂ ಕ್ಷಂತುಮರ್ಹಂತಿ ಸಂತಃ’ (ಕೈಯಿಂದಾದ ತಪ್ಪನ್ನು ಸಜ್ಜನರು ಕ್ಷಮಿಸಬೇಕು) ಎಂದು ಮುಗಿಸುವವನಿಗೂ ‘ತಪ್ಪಿದರೆ ತಿದ್ದಿ ವೋದುವದು’ ಎಂದು ಕನ್ನಡದಲ್ಲಿ ಕೇಳಿಕೊಳ್ಳುವವನಿಗೂ ಕಲಿಕೆಯ ಮನೆ ಬೇರೆ ಇರಬಹುದು.

ಈ ವಾಡಿಕೆಯ ಮಾತುಗಳನ್ನು ಬೇರ್ಪಡಿಸುವ ಉಪಾಯ ಸರಳವಾದರೂ ತಾಳ್ಮೆ ಬೇಡುವಂಥದು. ಅದೇ ಪ್ರದೇಶದ, ಅದೇ ಸಂಪ್ರದಾಯದ, ಹೆಚ್ಚುಕಡಿಮೆ ಅದೇ ಕಾಲದ ಹತ್ತಿಪ್ಪತ್ತು ಪುಷ್ಪಿಕೆಗಳನ್ನು ಒಂದರ ಪಕ್ಕ ಒಂದಿಟ್ಟು, ಎಲ್ಲದರಲ್ಲಿಯೂ ಬರುವ ಮಾತಿಗೆ ಒಂದು ಗುರುತು, ಇದೊಂದರಲ್ಲಿಯೇ ಬರುವ ಮಾತಿಗೆ ಇನ್ನೊಂದು ಗುರುತು ಹಾಕಬೇಕು. ವ್ಯಕ್ತಿಯ ದನಿ ಇರುವುದು ಎರಡನೆಯದರಲ್ಲಿ. ಪಶ್ಚಿಮ ಯುರೋಪಿನ ಪ್ರತಿಗಳ ಮಟ್ಟಿಗೆ ಸ್ವಿಟ್ಜರ್ಲೆಂಡಿನ ಲೆ ಬುವೆರೆಯ ಬೆನೆಡಿಕ್ಟೈನ್ ಸನ್ಯಾಸಿಗಳು 1965ರಿಂದ 1982ರವರೆಗೆ ಆರು ಸಂಪುಟಗಳಲ್ಲಿ ಪುಷ್ಪಿಕೆಗಳನ್ನು ಸಂಗ್ರಹಿಸಿಕೊಟ್ಟಿದ್ದಾರೆ. ಕನ್ನಡದಲ್ಲಿ ಈ ಕೆಲಸವನ್ನು ಮೈಸೂರು, ಧಾರವಾಡ, ಹಂಪಿಗಳ ಸಂಸ್ಥೆಗಳು ಪ್ರಕಟಿಸಿದ ಹಸ್ತಪ್ರತಿ ಸೂಚಿಗಳನ್ನು ತಿರುವಿ ಓದುಗನೇ ಮಾಡಿಕೊಳ್ಳಬೇಕು.

ವಾಡಿಕೆಯ ಮಾತು ವೈಯಕ್ತಿಕವಲ್ಲ ಎಂದ ಮಾತ್ರಕ್ಕೆ ನಿರರ್ಥಕವಲ್ಲ. ನಮ್ಮ ಲಿಪಿಕಾರರ ‘ಯಾದೃಶಂ ಪುಸ್ತಕಂ ದೃಷ್ಟ್ವಾ ತಾದೃಶಂ ಲಿಖಿತಂ ಮಯಾ’ ಎಂಬ ಶ್ಲೋಕ, ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ದೋಷ ನನ್ನದಲ್ಲ ಎಂದು ಜಾರಿಕೊಳ್ಳುತ್ತದೆ. ಕ್ರಿ.ಪೂ. 7ನೆಯ ಶತಮಾನದಲ್ಲಿ ನಿನೆವೆಯ ಅಶೂರ್‌ಬಾನಿಪಾಲನ ಗ್ರಂಥಾಲಯಕ್ಕಾಗಿ ಮಣ್ಣಿನ ಹಲಗೆಗಳನ್ನು ಬರೆದವರು ‘ಮೂಲದಂತೆ ಬರೆದು ತಾಳೆ ನೋಡಲಾಗಿದೆ’ ಎಂದು ಹೊಣೆ ಹೊರುತ್ತಾರೆ, ಹಲಗೆಯನ್ನು ಒಯ್ದವನಿಗೂ ರಾಜನ ಹೆಸರಿನ ಜಾಗದಲ್ಲಿ ತನ್ನ ಹೆಸರು ಬರೆದವನಿಗೂ ದೇವತೆಗಳ ಶಾಪ ಹಾಕುತ್ತಾರೆ. ಮೆಸೊಪೊಟೇಮಿಯದ ಲಿಪಿಕಾರರು ಮಾತೃಕೆ ಒಡೆದಿದ್ದ ಕಡೆ ‘ಒಡೆದಿದೆ’ ಎಂದೇ ಬರೆಯುತ್ತಿದ್ದರು. ನಾವು ಗ್ರಂಥಪಾತ ಎನ್ನುವುದನ್ನು ಅವರು ಪಠ್ಯದೊಳಗೇ ದಾಖಲಿಸುತ್ತಿದ್ದರು. ದುನ್‌ಹುವಾಂಗ್ ಗುಹೆಯಲ್ಲಿ ಸಿಕ್ಕ, 671ರಿಂದ 677ರ ನಡುವಣ ತಾಂಗ್ ಆಸ್ಥಾನದ ಬೌದ್ಧಸೂತ್ರಗಳ ಪ್ರತಿಗಳಂತೂ ಬರೆದವನ ಹೆಸರು, ಬಳಸಿದ ಹಾಳೆಗಳ ಲೆಕ್ಕ, ಮೂರು ಸಲ ತಿದ್ದಿದವರ ಹೆಸರುಗಳು, ಮೇಲ್ವಿಚಾರಣೆಯ ಅಧಿಕಾರಿಗಳು ಎಲ್ಲವನ್ನೂ ಕಚೇರಿಯ ಕಡತದಂತೆ ಪಟ್ಟಿ ಮಾಡುತ್ತವೆ. ಒಬ್ಬಂಟಿಯಾಗಿ ಜಗಲಿಯ ಮೇಲೆ ಕುಳಿತು ಬರೆದವನ ಕ್ಷಮೆಗೂ ಅರಮನೆಯ ಸಂಬಳದವನ ತಾಳೆನೋಟಕ್ಕೂ ಇರುವ ಈ ಅಂತರ, ಆ ಪ್ರತಿಗಳು ಯಾವ ವ್ಯವಸ್ಥೆಯಲ್ಲಿ ಹುಟ್ಟಿದವೆಂಬುದನ್ನು ಹೇಳುತ್ತದೆ. ಆದರೆ ‘ಕಂಡಂತೆ ಬರೆದೆ’ ಎಂದವನ ಪ್ರತಿ ಮೂಲನಿಷ್ಠ, ‘ತಾಳೆ ನೋಡಿದೆ’ ಎಂದವನದು ನಿರ್ದೋಷ ಎಂದು ಗ್ರಂಥಸಂಪಾದಕ ನಂಬಬೇಕಾಗಿಲ್ಲ. ಅದನ್ನು ಪಾಠಾಂತರಗಳು ತೀರ್ಮಾನಿಸಬೇಕು.

ಬರೆದವನು ಮಾತ್ರವಲ್ಲ, ಬರೆಸಿದವರೂ

ಪುಷ್ಪಿಕೆಯಲ್ಲಿ ‘ಬರೆದ’ ಎಂಬ ಕ್ರಿಯಾಪದವಿದೆಯೋ ‘ಬರೆಸಿದ’ ಎಂಬುದಿದೆಯೋ ಎಂದು ಕಣ್ಣಿಟ್ಟು ನೋಡಬೇಕು. ಗೀರು ಮಸುಕಾದ ಗರಿಯಲ್ಲಿ ಒಂದು ‘ಸಿ’ ತಪ್ಪಿದರೆ ದಾನಿಯೇ ಲಿಪಿಕಾರನಾಗಿಬಿಡುತ್ತಾನೆ. ಜೈನ ಪರಂಪರೆಯಲ್ಲಿ ಶಾಸ್ತ್ರದಾನ ಪುಣ್ಯಕಾರ್ಯವಾದ್ದರಿಂದ ನೋಂಪಿಯ ಉದ್ಯಾಪನೆಗೆ, ಅಂದರೆ ವ್ರತದ ಮುಕ್ತಾಯಕ್ಕೆ, ಗ್ರಂಥ ಬರೆಸಿ ಮುನಿಗಳಿಗೆ ಅರ್ಪಿಸುವುದು ರೂಢಿಯಾಗಿತ್ತು. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದುಬಂದ, ಕಂಟದಿಂದ ಕೊರೆಯದೆ ಮಸಿಯಿಂದ ಬರೆದ ತಾಳೆಗರಿಯ ಪ್ರತಿಗಳಲ್ಲಿ ಒಂದಾದ, ಮಹಾಬಂಧವೆಂಬ ಜೈನ ಶಾಸ್ತ್ರಗ್ರಂಥದ ಪ್ರಶಸ್ತಿ, ಮಲ್ಲಿಕಬ್ಬೆ ಎಂಬ ಮಹಿಳೆ ಶ್ರೀಪಂಚಮಿ ನೋಂಪಿಯ ಉದ್ಯಾಪನೆಗಾಗಿ ಅದನ್ನು ಬರೆಸಿ ಮಾಘನಂದಿ ಯತಿಗಳಿಗೆ ಕೊಟ್ಟಳೆಂದು ಹೇಳುತ್ತದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂಬ ಅತ್ತಿಮಬ್ಬೆಯ ಕೀರ್ತಿಯೂ ಇದೇ ಹಿನ್ನೆಲೆಯದು. ಹೆಣ್ಣುಮಕ್ಕಳ ಹೆಸರು ಬೇರೆ ದಾಖಲೆಗಳಲ್ಲಿ ಅಪರೂಪವಾದ ಕಾಲದಲ್ಲಿ ಪುಷ್ಪಿಕೆ, ಪ್ರಶಸ್ತಿಗಳು ಅವರನ್ನು ಹೆಸರಿಟ್ಟು ಕರೆಯುತ್ತವೆ. ಚೀನದಲ್ಲಿಯೂ ಪುಣ್ಯದ ಈ ಲೆಕ್ಕಾಚಾರ ಇತ್ತು: ಮರದ ಅಚ್ಚಿನಿಂದ ಮುದ್ರಿಸಿದ, 868ರ ಮೇ 11ರ ತಾರೀಖಿನ ವಜ್ರಸೂತ್ರದ ಕೊನೆಯ ಸಾಲು, ವಾಂಗ್ ಜಿಯೆ ತನ್ನ ತಂದೆತಾಯಿಯರಿಗಾಗಿ ಇದನ್ನು ಮಾಡಿಸಿ ಎಲ್ಲರಿಗೂ ಉಚಿತವಾಗಿ ಹಂಚಿದನೆಂದು ತಿಳಿಸುತ್ತದೆ. ಹಸ್ತಪ್ರತಿಯ ಪುಷ್ಪಿಕೆ ಮುದ್ರಣಕ್ಕೂ ದಾಟಿಕೊಂಡಿತು.

ಅರ್ಮೇನಿಯದ ಲಿಪಿಕಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ‘ಹಿಶತಕರಾನ್’ ಎಂದು ಕರೆಯುವ, ನೆನಪಿನ ಬರಹ ಎಂಬರ್ಥದ ಅವರ ಪುಷ್ಪಿಕೆಗಳು ಪುಟಗಟ್ಟಲೆ ಬೆಳೆದು, ಮಂಗೋಲರ ಮತ್ತು ತೈಮೂರನ ದಾಳಿ, ಬರಗಾಲ, ತೆರಿಗೆ ಎಲ್ಲವನ್ನೂ ಹೇಳುತ್ತವೆ. ಆ ನಾಡಿನ ಚರಿತ್ರೆಕಾರರಿಗೆ ಅವು ಮುಖ್ಯ ಆಕರ. ಅಂಥದನ್ನು ಓದುವಾಗ ಲಿಪಿಕಾರನು ತಾನು ಕಂಡದ್ದನ್ನು ಎಲ್ಲಿ ಹೇಳುತ್ತಿದ್ದಾನೆ, ಕೇಳಿದ್ದನ್ನು ಎಲ್ಲಿ ಹೇಳುತ್ತಿದ್ದಾನೆ ಎಂದು ಗೆರೆ ಎಳೆದುಕೊಂಡೇ ಮುಂದೆ ಸಾಗಬೇಕು.

ಇಷ್ಟಾದ ಮೇಲೆ ಟಿಪ್ಪಣಿ ಸಿದ್ಧಪಡಿಸಬಹುದು. ಪ್ರತಿ ಪುಷ್ಪಿಕೆಗೂ ಒಂದು ಹಾಳೆ ಇಟ್ಟು, ಭಂಡಾರದ ಹೆಸರು ಮತ್ತು ಕಟ್ಟಿನ ಸಂಖ್ಯೆ, ಗರಿ ಮತ್ತು ಸಾಲು, ಇದ್ದಂತೆ ಇಳಿಸಿದ ಪಾಠ, ಪದವಿಂಗಡಿಸಿದ ಪಾಠ, ಪ್ರತಿ ವಾಕ್ಯದ ಎದುರಿಗೆ ಅದು ಕವಿಯದೋ ಮಾತೃಕೆಯದೋ ಈ ಲಿಪಿಕಾರನದೋ ಒಡೆಯನದೋ ಎಂಬ ನಿರ್ಣಯ, ಹಾಗೆ ನಿರ್ಣಯಿಸಿದ್ದಕ್ಕೆ ಕಾರಣ, ಕಾಲದ ಲೆಕ್ಕವನ್ನು ಹಂತಹಂತವಾಗಿ ಬಿಡಿಸಿದ ಬರಹ ಇಷ್ಟನ್ನು ಅದರಲ್ಲಿ ಕೊಡಬೇಕು. ಲೆಕ್ಕದ ಉತ್ತರವನ್ನಷ್ಟೇ ಬರೆದು ಹೆಜ್ಜೆಗಳನ್ನು ಬಿಟ್ಟರೆ, ಮುಂದೆ ಬರುವವರು ನಿಮ್ಮ 1661 ಎಲ್ಲಿಂದ ಬಂತೆಂದು ತಿಳಿಯದೆ ಕೊನೆಯ ಗರಿಯನ್ನು ಮತ್ತೆ ಬಿಚ್ಚಬೇಕಾಗುತ್ತದೆ. ಬಿಚ್ಚಿದಾಗಲೆಲ್ಲ ಆ ಗರಿ ಒಂದಿಷ್ಟು ಪುಡಿಯಾಗುತ್ತದೆ. ಯಾರ ಮಾತೆಂದು ನಿರ್ಣಯಿಸಲಾಗದ ಸಾಲಿನ ಎದುರಿಗೆ ಖಾಲಿ ಬಿಡಿ. ಕಾಗದದ ಪ್ರತಿಗಳಲ್ಲಿ ಮಕ್ಕಳು ಅಕ್ಷರ ತೀಡಿದ ಗುರುತು, ಸಾಲದ ಲೆಕ್ಕ, ಮಗುವಿನ ಜನನದ ಘಳಿಗೆ ಇಂಥವು ಕೊನೆಯ ಹಾಳೆಯಲ್ಲಿದ್ದರೆ ಅವನ್ನೂ ಇಳಿಸಿಕೊಳ್ಳಿ; ಜನನದ ಘಳಿಗೆಯ ಪಕ್ಕದಲ್ಲಿ ಶಕವರ್ಷವಿದ್ದರೆ ಪುಸ್ತಕ ಆ ಹೊತ್ತಿಗೆ ಆ ಮನೆಯಲ್ಲಿತ್ತೆಂಬುದು, ಪುಷ್ಪಿಕೆ ಇಲ್ಲದ ಪ್ರತಿಗೂ, ಸಿಕ್ಕಂತಾಯಿತು.